ಅಣ್ಣನ ಪದಕ್ಕೆ ಹಿಮ್ಮೇಳ

ನಮ್ಮ ಕಡೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅಣ್ಣನ ಕ್ಯಾಸೆಟ್ ಹಚ್ಚಿದರೆ ಡ್ರೈವರ್‌ಗಳು ಹಾರ್ನ್ ಹೊಡೆಯುತ್ತಿರಲಿಲ್ಲ. ಒಡಹುಟ್ಟಿದವಳ ಬಡಾಯಿ ಅಂದುಕೊಳ್ಳಬೇಡಿ, ಕಣ್ಣಾರೆ ಕಂಡದ್ದು. ಮಠದ ಸೋಮವಾರದ ಭಜನೆಯಲ್ಲಿ ತಾಳ ಬಾರಿಸುತ್ತಿದ್ದವನು ಅಲ್ಲಿಯ ಸ್ವಾಮಿಗಳಾದ ಅಜ್ಜಾರ ಆಶೀರ್ವಾದದಿಂದ ಅಷ್ಟು ಎತ್ತರಕ್ಕೆ ಬಂದ. ಆದರೆ ಎಂದೂ ಒಬ್ಬನೇ ಹಾಡಿದವನಲ್ಲ. ಭಜನಿ ಪದ ಅಂದರೆ ಹಾಗೆಯೇ: ಮುಂದಿನವನು ಒಂದು ಸೊಲ್ಲು ಹಾಡಬೇಕು, ಹಿಮ್ಮೇಳದವರು ಅದನ್ನೆತ್ತಿ ತಿರುಗಿ ಕೊಡಬೇಕು. ಹೊರಗಿನವರು ಹೇಗೆ ಹಾಡಿದರೂ ಅಣ್ಣ "ಚಲೋ ಆತ್ರಿ" ಅಂತಾನೆ. ಬೈಯುವುದು ತನ್ನ ಹಿಮ್ಮೇಳದವರಿಗೆ ಮಾತ್ರ.

ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಮ್ಮನೆಯವರು ಇಲ್ಲಿಯ ಬೋಬ್ಲಿಂಗೆನ್ ಊರಿಗೆ ಬಂದ ಮೂರನೆಯ ವರ್ಷ, ದೀಪಾವಳಿಗೆ ಇಲ್ಲಿಯ ಕನ್ನಡದವರೆಲ್ಲ ಸೇರಿ ಅಣ್ಣನನ್ನು ಕರೆಸಿದರು. ಅವನಿಗೆ ವೀಸಾ ಸಿಕ್ಕಿತು. ಹಿಮ್ಮೇಳದ ನಾಲ್ವರಿಗೆ ಸಿಗಲಿಲ್ಲ.

"ಚಿಂತೆ ಬೇಡ ಸರ್, ಕ್ಯಾಸೆಟ್ ಹಾಕ್ತೀವಿ. ನೀವು ಮೈಕ್ ಮುಂದೆ ಬಾಯಿ ಆಡಿಸಿದ್ರೆ ಸಾಕು," ಅಂದರು ಕಾರ್ಯಕ್ರಮದ ಹೊಣೆ ಹೊತ್ತವರು.

ಅಣ್ಣ ನಕ್ಕ. "ಸಾಹೇಬ್ರ, ಹಂಗ ಮಾಡಿದ್ರ ನಮ್ಮ ಅಜ್ಜಾರು ನನ್ನ ಹಲ್ಲು ಎಣಿಸಿ ಕೈಯಾಗ ಕೊಡ್ತಾರ್ರಿ." ಅವರು ಹೋದ ಮೇಲೆ ಮುಖ ಬಾಡಿತು. "ತಂಗಿ, ಸುಳ್ಳಿಗೆ ನಾ ಬಾಯಿ ತೆರೆಯೂದಿಲ್ಲ. ಹೊಳ್ಳಿ ಊರಿಗೆ ಹೋಗ್ತೀನಿ."

ನಾನು ಚಪಾತಿ ಲಟ್ಟಿಸುತ್ತಿದ್ದೆ. ನಮ್ಮೂರ ಭಜನೆಯಲ್ಲಿ ಹೆಣ್ಣುಮಕ್ಕಳು ಕೂಡುವ ಪದ್ಧತಿ ಇರಲಿಲ್ಲ. ಆದರೆ ಅಣ್ಣ ಮನೆಯಲ್ಲಿ ಪದ ಕಲಿಯುವಾಗ ಅಡುಗೆಮನೆಯಿಂದ ಸೊಲ್ಲು ಎತ್ತಿಕೊಡುತ್ತಿದ್ದವಳು ನಾನೇ.

"ಹಿಮ್ಮೇಳಕ್ಕ ನಾ ಕೂಡ್ತೀನಿ," ಅಂದುಬಿಟ್ಟೆ.

ಅಣ್ಣ ಚೀಲದಿಂದ ತಾಳ ತೆಗೆದು ನನ್ನ ಮುಂದಿಟ್ಟ.

ಮೇಲಿನ ಮನೆಯ ಉಡುಪಿ ಗೆಳತಿಯನ್ನೂ ಜೊತೆಗೆ ಕರೆದೆ. ಆಕೆಗೆ ಬಿಡುವಿದ್ದದ್ದು ಮಧ್ಯಾಹ್ನ. ಅದೋ ರೂಹೆತ್ಸೈಟ್, ಕಟ್ಟಡದಲ್ಲಿ ಯಾರೂ ಸದ್ದು ಮಾಡಬಾರದ ಹೊತ್ತು. ಕೆಳಗಿನ ಮನೆಯ ಜರ್ಮನ್ ಅಜ್ಜಿಗೆ ಒಂದು ಚಮಚ ಬಿದ್ದರೂ ಕೇಳಿಸುತ್ತಿತ್ತು. ತಾಳಕ್ಕೆ ಟವೆಲ್ ಸುತ್ತಿ, ಪಿಸುದನಿಯಲ್ಲೇ ಒಂದು ವಾರ ಕಲಿತೆವು.

"ನಿಮ್ಮ ಕಡೆಯ ಮಾತು ನನ್ನ ಬಾಯಿಗೆ ತಿರುಗುವುದೇ ಇಲ್ಲ ಮಾರಾಯ್ರೆ," ಅಂದಳು ಗೆಳತಿ.

"ಚಲೋ ಆತ್ರಿ," ಅಂದ ಅಣ್ಣ. ನನಗೂ "ಚಲೋ ಆತು" ಅಂದ. ಹೊರಗಿನವರಿಗೆ ಅನ್ನುವ ಮಾತು ನನಗೂ ಬಂತು.

ಹಬ್ಬದ ದಿನ ಹಾಲ್ ತುಂಬಿತ್ತು. ಅಣ್ಣ ಮೊದಲ ಸೊಲ್ಲು ಹಾಡಿ ನಿಲ್ಲಿಸಿದ. ನಾವು ಎತ್ತಿಕೊಂಡೆವು, ಅದೇ ಪಿಸುದನಿಯಲ್ಲಿ! ವಾರವಿಡೀ ಕಲಿತದ್ದೇ ಹಾಗಲ್ಲವೇ. ಮುಂದಿನ ಸಾಲಿನವರಿಗೂ ಕೇಳಿಸಲಿಲ್ಲ.

ಅಣ್ಣ ಹಿಂದೆ ತಿರುಗಿದ. "ತಂಗಿ, ಕೆಳಗಿನ ಮನೀ ಅಜ್ಜಿ ಇಲ್ಲಿಲ್ಲ. ದನಿ ತೆಗಿ!"

ಜನ ನಕ್ಕರು. ನಾನು ಕಣ್ಣು ಮುಚ್ಚಿ ಅಜ್ಜಾರನ್ನು ನೆನೆದೆ. ಅಣ್ಣ ಅದೇ ಸೊಲ್ಲು ಮತ್ತೆ ಹಾಡಿದ. ಈ ಸಲ ದನಿ ಬಂತು, ಎಲ್ಲಿತ್ತೋ ಏನೋ. ಗೆಳತಿಯ ದನಿಯೂ ಕೂಡಿತು. ನಾಲ್ಕನೆಯ ಸೊಲ್ಲಿಗೆ ಹಾಲ್‌ನವರೇ ಹಿಮ್ಮೇಳವಾದರು. ಅಣ್ಣ ಒಂದರ ಹಿಂದೊಂದು ಏಳು ಪದ ಹಾಡಿದ.

ಮುಗಿದ ಮೇಲೆ ಎಲ್ಲರೂ ಬಂದು ಹೊಗಳಿದರು. ಅಣ್ಣ ಬಿಸಿನೀರು ಕುಡಿಯುತ್ತ ನನ್ನತ್ತ ನೋಡಿದ. "ಕಡೀ ಪದದಾಗ ಹಂಗ್ಯಾಕ ಓಡಿದಿ? ನಾಯಿ ಬೆನ್ನು ಹತ್ತಿತ್ತೇನು? ನಾ ಸೊಲ್ಲು ಮುಗಸೂತನಾ ಕಾಯಬೇಕು, ಅಷ್ಟೂ ತಿಳಿಯೂದಿಲ್ಲ?"

ಗೆಳತಿ ಗಾಬರಿಯಾಗಿ ನನ್ನ ಕೈ ಹಿಡಿದಳು. "ಎಂತ ಮಾರಾಯ್ರೆ, ಇಷ್ಟು ಹಾಡಿದ ಮೇಲೂ ಬೈದ್ರಾ?"

"ಹೌದು," ಅಂದೆ. ಹಬ್ಬಕ್ಕೆಂದು ವೇದಿಕೆಯ ಮೇಲಿಟ್ಟಿದ್ದ ಗಣಪತಿಗೆ ಕೈ ಮುಗಿದೆ. "ನನಗ ಬೈದ."