ಆಯಿಲ್ ಬದಲಿಸುವ ಭಾನುವಾರ

ಬೆಳಕು ಹರಿಯುವುದರೊಳಗೆ ಅವಳು ಮುಗಿಸಬೇಕಾದದ್ದು ಇಷ್ಟು: ನಲ್ಲಿ ನಿಲ್ಲುವ ಮುಂಚೆ ಡ್ರಮ್ಮು ತುಂಬಿಸುವುದು, ಅಕ್ಕಿ ತೊಳೆದು ಒಲೆಗೇರಿಸುವುದು, ತರಕಾರಿ ಹೆಚ್ಚುವುದು, ಎಲ್ಲರ ಡಬ್ಬಿ ಕಟ್ಟುವುದು, ಗಂಡನ ಅಂಗಿಗೆ ಇಸ್ತ್ರಿ, ಅತ್ತೆಯ ಮಂಡಿಗೆ ಮುಲಾಮು, ಮಗಳನ್ನು ಎರಡು ಸಲ ಎಬ್ಬಿಸುವುದು. ಮೊದಲ ಸಲಕ್ಕೆ ಆ ಹುಡುಗಿ ಎದ್ದ ದಾಖಲೆಯೇ ಇಲ್ಲ. ಇಷ್ಟಾದ ಮೇಲೆ ಹೊರಗೆ ಬಂದು ವ್ಯಾನಿನ ಕೆಳಗೆ ಬಗ್ಗಿ ಆಯಿಲ್ ತೊಟ್ಟಿಕ್ಕಿದೆಯೇ ಎಂದು ನೆಲ ನೋಡುವುದು, ಎಂಜಿನ್ನಿನಿಂದ ಆಯಿಲಿನ ಅಳತೆಯ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸುವುದು. ಈ ಕೊನೆಯ ಕೆಲಸವನ್ನು ಮಾತ್ರ ಅವಳು ಆತುರವಿಲ್ಲದೆ ಮಾಡುತ್ತಿದ್ದಳು.

ಶಾಲೆಗೆ ಮಕ್ಕಳನ್ನು ಒಯ್ಯುವ ವ್ಯಾನು ಅವಳದು. ಮಕ್ಕಳಿಗೆ ಅವಳು ವ್ಯಾನಕ್ಕ. ಬೀದಿಯವರಿಗೂ ಅದೇ ಹೆಸರು ಅಂಟಿಕೊಂಡಿತ್ತು. ಮನೆಯಲ್ಲಿ ಅವಳ ದುಡಿಮೆಗೆ ಗೌರವವಿತ್ತು, ಅಂದರೆ ಸ್ಟೇರಿಂಗ್ ಹಿಡಿದ ದುಡಿಮೆಗೆ. ಸೌಟು ಹಿಡಿದದ್ದನ್ನು ಯಾರೂ ದುಡಿಮೆ ಎಂದಿರಲಿಲ್ಲ, ಅವಳೂ ಎಂದಿರಲಿಲ್ಲ. ತಲೆನೋವು ಎಂದರೆ ಒಂದು ಮಾತ್ರೆ ಸಿಗುತ್ತಿತ್ತು. ವ್ಯಾನಿಗೆ ಕೆಲಸವಿದೆ ಎಂದರೆ ಅರ್ಧ ದಿನ ಸಿಗುತ್ತಿತ್ತು.

ಆ ಅರ್ಧ ದಿನವನ್ನು ಅವಳು ಕಂಡುಕೊಂಡದ್ದು ಗ್ಯಾರೇಜಿನ ಹಿಂಬದಿಯಲ್ಲಿ. ಯಾವುದೋ ಹಳೆಯ ಬಸ್ಸಿನಿಂದ ಬಿಚ್ಚಿಟ್ಟ ಉದ್ದನೆಯ ಸೀಟೊಂದು ಅಲ್ಲಿ ಗೋಡೆಗೆ ಒರಗಿಕೊಂಡಿತ್ತು. ಆಯಿಲ್ ಬದಲಿಸಲು ಮೇಸ್ತ್ರಿಗೆ ಹೆಚ್ಚು ಹೊತ್ತು ಬೇಡ; ಆದರೆ ಅವಳು ಊಟದ ಹೊತ್ತಿನವರೆಗೂ ಆ ಸೀಟಿನಲ್ಲೇ ಇರುತ್ತಿದ್ದಳು. ಒಮ್ಮೊಮ್ಮೆ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದಳು. ಸ್ಪ್ಯಾನರು ಬಿದ್ದ ಸದ್ದಿಗೆ ಎಚ್ಚರವಾದರೂ, ಅದನ್ನು ಎತ್ತಿಡಬೇಕಾದವಳು ತಾನಲ್ಲ ಎಂಬುದು ನೆನಪಾಗಿ ಮತ್ತೆ ಕಣ್ಣು ಮುಚ್ಚುತ್ತಿದ್ದಳು.

ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಕಾಡಿಗೆಯಂತಾಗುತ್ತದೆ. ಕಪ್ಪಾಯಿತೆಂದ ಮಾತ್ರಕ್ಕೆ ಕೆಟ್ಟಿತು ಎಂದಲ್ಲ. ಇದನ್ನು ಮೇಸ್ತ್ರಿ ಅವಳಿಗೆ ಹೇಳಿದ್ದ. ಅವಳು ಮನೆಯಲ್ಲಿ ಹೇಳಿರಲಿಲ್ಲ. ಮೈ ಸೋತು ಇನ್ನಾಗದು ಎನ್ನಿಸಿದ ವಾರ, ಕಡ್ಡಿ ಒರೆಸಿದ ಬಟ್ಟೆಯನ್ನು ತಂದು ಗಂಡ ಓದುತ್ತಿದ್ದ ಪೇಪರಿನ ಮುಂದೆ ಹಿಡಿಯುತ್ತಿದ್ದಳು.

"ಅಯ್ಯೋ, ಟಾರಾಗಿಬಿಟ್ಟಿದೆಯಲ್ಲೇ. ಭಾನುವಾರ ಹೋಗಿ ಬದಲಾಯಿಸ್ಕೊಂಡ್ ಬಾ. ಎಂಜಿನ್ ಹಿಡ್ಕೊಂಡ್ರೆ ಕಷ್ಟ" ಎನ್ನುತ್ತಿದ್ದ ಅವನು. ಗೋದಾಮಿನ ಮೇಲ್ವಿಚಾರಕ, ದಿನವೂ ಲಾರಿಗಳನ್ನು ನೋಡುವವನು. ಎಂಜಿನ್ನಿನ ಒಳಗನ್ನಷ್ಟೇ ನೋಡಿರಲಿಲ್ಲ.

ಮೇಸ್ತ್ರಿ ಮಾತ್ರ ಪ್ರತಿಸಲ ಕಡ್ಡಿ ಮೂಸಿ ನಗುತ್ತಿದ್ದ. "ಅಕ್ಕ, ಇದಿನ್ನೂ ಚೆನ್ನಾಗೇ ಇದೆ. ಜೀವ ಇರೋವಾಗ್ಲೇ ಮಣ್ಣು ಮಾಡಿಸ್ತೀರಲ್ಲ."

"ನಿಮಗ್ಯಾಕೆ? ಬಿಚ್ಚಿ."

ಹೀಗೆ ಒಂದು ಆಯಿಲ್ ಭಾನುವಾರ ಅವಳು ಮನೆಗೆ ಬಂದಾಗ ಅತ್ತೆ ಒಲೆಯನ್ನು ನೆಲಕ್ಕಿಳಿಸಿಕೊಂಡು ಮಣೆಯ ಮೇಲೆ ಕೂತಿದ್ದರು. ಮಡಚಲಾಗದ ಕಾಲನ್ನು ಉದ್ದಕ್ಕೆ ಚಾಚಿದ್ದರು. ಮೊಣಕೈಯಲ್ಲಿ ತರಚಿದ ಗಾಯ, ಮೇಲೆ ಅರಿಶಿನ.

"ಏನಾಯ್ತು ಅತ್ತೆ?"

"ಏನಿಲ್ಲ ಕಣೇ. ಮಂಡಿ ಕೈಕೊಡ್ತು, ಕಟ್ಟೆ ಹಿಡ್ಕೊಳೋಕೆ ಹೋದೆ, ಸಿಗಲಿಲ್ಲ. ಅನ್ನ ಆಗಿದೆ ನೋಡು."

"ಅವ್ರನ್ನ ಕರೀಬಾರದಿತ್ತಾ?" ಗಂಡ ಪಕ್ಕದ ಕೋಣೆಯಲ್ಲಿ ಕಾಲು ಮೇಲೆ ಕಾಲು ಹಾಕಿಕೊಂಡು ಟಿವಿ ನೋಡುತ್ತಿದ್ದ.

"ಅವನಿಗಿರೋದೇ ಒಂದು ರಜೆ. ನಿಂಗೂ ಪಾಪ ಆಯಿಲ್ ಕೆಲಸ. ಆ ಗ್ರೀಸ್ ವಾಸನೇಲಿ ಕಾದು ಕಾದು ಬಂದಿದೀಯ, ಕೈಕಾಲು ತೊಳ್ಕೊ, ಬಡಿಸ್ತೀನಿ."

ಅವಳ ಕೆನ್ನೆಯ ಮೇಲೆ ಬಸ್ಸಿನ ಸೀಟಿನ ಹೊಲಿಗೆಯ ಗುರುತು ಇನ್ನೂ ಇತ್ತು. ಅತ್ತೆಗೆ ಕಾಣಬಾರದೆಂದು ಮುಖ ತಿರುಗಿಸಿ ಬಚ್ಚಲಿಗೆ ಹೋದಳು. ನೀರು ಬಿಟ್ಟುಕೊಂಡು ಆ ಗುರುತನ್ನು ಉಜ್ಜಿದಳು. ತಾನು ಗಳಿಸಿದೆನೆಂದುಕೊಂಡ ಅರ್ಧ ದಿನ ಎಲ್ಲಿಂದ ಬರುತ್ತಿತ್ತು ಎಂಬುದು ಅವತ್ತು ಕಣ್ಣಿಗೆ ಬಿತ್ತು. ಅದು ಗಂಡನ ರಜೆಯಿಂದ ಒಂದು ಚೂರೂ ಹರಿದು ಬಂದದ್ದಲ್ಲ. ಪೂರ್ತಿಯಾಗಿ ಅತ್ತೆಯ ಮಂಡಿಯಿಂದ ಬಂದದ್ದು.

ಅದಾದ ಮೇಲೆ ಅವಳು ಬಟ್ಟೆಯನ್ನು ಯಾರಿಗೂ ತೋರಿಸಲಿಲ್ಲ. ಅಷ್ಟರಲ್ಲಿ ಒಂದು ಸಂಜೆ ಗಂಡ ರಟ್ಟಿನ ಡಬ್ಬವೊಂದನ್ನು ಹಿಡಿದು ಬಂದ. ಮುಖ ಅರಳಿತ್ತು.

"ಬೈಪಾಸ್ ಫಿಲ್ಟರ್ ಕಣೇ. ನಮ್ಮ ಗೋದಾಮಿನ ಲಾರಿಗೆಲ್ಲ ಹಾಕಿಸಿದಾರೆ. ಮಾಮೂಲಿ ಫಿಲ್ಟರಿನ ಜೊತೆಗೆ ಇದೂ ಇರುತ್ತೆ. ಸ್ವಲ್ಪ ಸ್ವಲ್ಪವೇ ಆಯಿಲ್ ಎಳ್ಕೊಂಡು, ನಿಧಾನಕ್ಕೆ, ಸಣ್ಣ ಮಸೀನೂ ಬಿಡದ ಹಾಗೆ ಸೋಸುತ್ತಂತೆ. ಪದೇ ಪದೇ ಬದಲಾಯಿಸೋ ಗೋಜೇ ಇಲ್ಲ. ಇನ್ಮೇಲೆ ನೀನು ಭಾನುವಾರ ಆರಾಮಾಗಿ ಮನೇಲಿರಬಹುದು."

ಅವಳಿಗೆ ನಗು ಬಂತು. ಒಲೆಯ ಕಡೆ ತಿರುಗಿ ನುಂಗಿಕೊಂಡಳು.

"ಒಳ್ಳೇದಾಯ್ತು ಬಿಡು" ಎಂದರು ಅತ್ತೆ ಮೊಣಕೈ ಸವರಿಕೊಳ್ಳುತ್ತ.

ಕೂಡಲೇ ಹೂಂ ಎನ್ನಬೇಕಿತ್ತು. ಅದರ ಬದಲು ಅವಳ ಬಾಯಿಂದ, "ನಮ್ಮ ವ್ಯಾನಲ್ಲಿ ಜಾಗ ಎಲ್ಲಿದೆ ರೀ? ಪೈಪು ಸಡಿಲ ಆದ್ರೆ ಆಯಿಲೆಲ್ಲ ರಸ್ತೆಗೆ. ಮಕ್ಕಳಿರೋ ಗಾಡಿ" ಎಂಬ ಮಾತು ಬಂತು. ಮಕ್ಕಳನ್ನೂ ಎಳೆದು ತಂದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು. ಗಾಯ ಮಾಡಿಕೊಂಡವರು ಎದುರಿಗೇ ಕೂತಿದ್ದಾರೆ, ತನ್ನ ನಾಲಿಗೆ ಇನ್ನೂ ಸೀಟಿನ ಪರ ವಾದಿಸುತ್ತಿದೆ.

ಡಬ್ಬ ಹಲವು ದಿನ ವ್ಯಾನಿನ ಮುಂದಿನ ಸೀಟಿನಲ್ಲೇ ಸವಾರಿ ಮಾಡಿತು. ಮಕ್ಕಳು ಅದನ್ನು "ಹೊಸ ಕ್ಲೀನರ್" ಎಂದು ಗೇಲಿ ಮಾಡಿದರು. ಕೊನೆಗೊಂದು ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಅವಳು ಗ್ಯಾರೇಜಿಗೆ ತಿರುಗಿಸಿದಳು.

ಮೇಸ್ತ್ರಿ ಡಬ್ಬ ಬಿಚ್ಚಿ ನೋಡಿದ. "ಹಾಕದಿದ್ರೆ ಏನೂ ಮುಳುಗಿಹೋಗಲ್ಲ ಅಕ್ಕ. ಆದ್ರೆ ನಿಮ್ಮದು ಗೇಟು ಗೇಟಿಗೂ ನಿಲ್ಲೋ ಗಾಡಿ, ನಿಂತಲ್ಲೇ ಎಂಜಿನ್ ಓಡ್ತಿರುತ್ತೆ, ಮಸಿ ಜಾಸ್ತಿ. ವಯಸ್ಸೂ ಆಯ್ತು. ಹಾಕಿದ್ರೆ ಒಳ್ಳೇದೇ."

"ಸೋರುತ್ತಾ?"

"ನಾನು ಬಿಗಿ ಮಾಡಿದ್ದು ಸೋರಲ್ಲ. ನೀವು ದಿನಾ ಕೆಳಗೆ ಬಗ್ಗಿ ನೋಡ್ತೀರಲ್ಲ, ಆಮೇಲೇನು?" ಆಮೇಲೆ ಹಿಂಬದಿಯ ಕಡೆ ಗಲ್ಲದಿಂದಲೇ ಸನ್ನೆ ಮಾಡಿದ. "ಇನ್ನು ನೀವು ಬರೋದು ಅಪರೂಪ. ಆ ಸೀಟು ಗುಜರಿಗೆ ಹಾಕ್ಲಾ?"

"ಹಾಕಿ" ಎಂದಳು. ದನಿ ಅವಳಿಗೇ ಒರಟಾಗಿ ಕೇಳಿಸಿತು.

ಹಳೆಯ ಆಯಿಲ್ ಇಳಿಸಿ ಹೊಸದು ತುಂಬಿ, ಎಂಜಿನ್ನಿನ ಪಕ್ಕದಲ್ಲಿ ಫಿಲ್ಟರು ಕೂತಿತು. ವಾರಗಳು ಕಳೆದವು. ದಿನವೂ ಬಟ್ಟೆಯ ಮೇಲೆ ತಿಳಿಗಂದು ಗೆರೆಯೊಂದೇ ಮೂಡುತ್ತಿತ್ತು. ಭಾನುವಾರಗಳು ಮನೆಯಲ್ಲೇ ಕಳೆದವು. ಗಂಡ ಹೇಳಿದ ಆರಾಮು ಪಾತ್ರೆಗಳ ನಡುವೆ ಎಲ್ಲಿತ್ತೋ, ಅವಳಿಗೆ ಸಿಗಲಿಲ್ಲ. ಅತ್ತೆಯೂ ಸುಮ್ಮನೆ ಕೂರುವವರಲ್ಲ, ಕುಂಟುತ್ತಲೇ ಬಂದು ಸಿಂಕಿನ ಮುಂದೆ ನಿಲ್ಲುತ್ತಿದ್ದರು.

ಮತ್ತೊಂದು ಭಾನುವಾರ. ಇನ್ನೂ ಕತ್ತಲು. ಹಿಂದಿನ ರಾತ್ರಿಯಿಂದ ಅವಳ ಸೊಂಟ ನೋಯುತ್ತಿತ್ತು. ಕಡ್ಡಿ ಎಳೆದು ಒರೆಸಿದಳು. ಅದೇ ತಿಳಿಗಂದು. ಬಟ್ಟೆ ಹಿಡಿದುಕೊಂಡೇ ವ್ಯಾನಿನ ಹಿಂಬದಿಗೆ ಹೋಗಿ ಬಗ್ಗಿದಳು. ಹೊಗೆಕೊಳವೆಯ ಬಾಯಿಯಲ್ಲಿ ಒಣಗಿದ ಮಸಿ ದಪ್ಪಗೆ ಕೂತಿತ್ತು. ಒಂದೇ ಒಂದು ಸಲ ತಿರುವಿದರೆ ಬಟ್ಟೆ ಟಾರಾಗುತ್ತದೆ. ಫಿಲ್ಟರ್ ಕೆಲಸ ಮಾಡುತ್ತಿಲ್ಲ ಎಂದರಾಯಿತು. ಗಂಡ ನಂಬುತ್ತಾನೆ, ಅತ್ತೆಯೂ ನಂಬುತ್ತಾರೆ. ಅತ್ತೆ ಒಲೆಯನ್ನು ಮತ್ತೆ ನೆಲಕ್ಕಿಳಿಸುತ್ತಾರೆ.

ಬಟ್ಟೆಯ ತುದಿ ಮಸಿಗೆ ತಾಗಿತ್ತು. ಅವಳು ಕೈ ಹಿಂದೆಗೆದಳು. ತಾಗಿದ ತುದಿಯನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿದಳು. ಪೂರ್ತಿ ಹೋಗಲಿಲ್ಲ. ಹಿಂಡಿ ತಂತಿಗೆ ಹಾಕಿದಳು.

ಗಂಡನಿಗೆ ಹೇಳಬೇಕಾದ ಮಾತು ಸಣ್ಣದು. ವ್ಯಾನಿಗೇನೂ ಆಗಿಲ್ಲ, ನನಗೆ ಸಾಕಾಗಿದೆ, ಇವತ್ತು ನಾನು ಮಧ್ಯಾಹ್ನದವರೆಗೆ ಹೊರಗಿರುತ್ತೇನೆ, ಅಡುಗೆ ನಿಮ್ಮದು, ಅತ್ತೆಯನ್ನು ಏಳಗೊಡಬೇಡಿ. ಇಷ್ಟನ್ನು ಹೇಳಲು ಇಷ್ಟು ವರ್ಷ ಎಂಜಿನ್ನಿನ ಮರೆ ಬೇಕಾಗಿತ್ತು.

ಬಾಗಿಲು ದಾಟಿದರೆ ಬಲಕ್ಕೆ ಅಡುಗೆಮನೆ. ತೊಳೆಯದ ಅಕ್ಕಿ ಪಾತ್ರೆಯಲ್ಲೇ ಕಾಯುತ್ತಿತ್ತು. ಎಡಕ್ಕೆ ಗಂಡ ಮಲಗಿದ್ದ ಕೋಣೆ, ಗೊರಕೆ ಕೇಳುತ್ತಿತ್ತು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಅವಳು ಎಡಕ್ಕೆ ತಿರುಗಿದಳು.