ಪಿಟೀಲು ಕೇಳಿ ಬಂದವರು

ನನ್ನ ಗಂಡನಿಗೆ ಲಕ್ವ ಹೊಡೆದು ಎರಡು ವರ್ಷ ದಾಟಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಿಗ್ಗೆ ಹೋದವು. ಬಾಯಲ್ಲಿ ಉಳಿದದ್ದು ಒಂದೇ ಮಾತು, 'ಅದು'. ಹಸಿವಾದರೂ ಅದು, ಸೆಕೆಯಾದರೂ ಅದು, ಒಂದಕ್ಕೆ ಬಂದರೂ ಅದು. ಯಾವ ಅದು ಎಂದು ಕಂಡುಹಿಡಿಯುವುದು ನನ್ನ ಕೆಲಸ. ತಪ್ಪಾದರೆ ಹಾಸಿಗೆ ಬಟ್ಟೆ ಒಗೆಯುವುದೂ ನನ್ನ ಕೆಲಸವೇ.

ನಾನು ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇನೆ. ಸೆರಗಿನ ತುದಿಯ ಎಳೆಗಳನ್ನು ಹೊಸೆದು, ಮಣಿ ಪೋಣಿಸಿ, ಗಂಟು ಹಾಕುವುದು. ರೇಷ್ಮೆ ಸೀರೆಯ ಊರು ಕೊಳ್ಳೇಗಾಲ, ಕೆಲಸಕ್ಕೆ ಬರವಿಲ್ಲ. ಮುಂದಿನ ಕೋಣೆಯಲ್ಲಿ ಅವರ ಮಂಚ, ಮಂಚದ ಪಕ್ಕದಲ್ಲಿ ನನ್ನ ಚಾಪೆ. ನಾಲ್ಕು ಗಂಟು ಹಾಕುವಷ್ಟರಲ್ಲಿ ಒಂದು ಸಲ ಏಳಬೇಕು. ಮೊದಮೊದಲು ಆಯಾಸವೆಂದರೆ ಮಲಗಿದರೆ ಹೋಗುತ್ತಿತ್ತು. ಈಗ ಮಲಗಿ ಎದ್ದಾಗಲೇ ಹೆಚ್ಚಿರುತ್ತದೆ. ಯಾರಾದರೂ ಬಂದು "ಹೇಗಿದ್ದೀರವ್ವ" ಎಂದು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ನಿಂತು ಉತ್ತರ ಹೇಳುವಷ್ಟರಲ್ಲಿ ಎರಡು ಬಟ್ಟೆ ಹಿಂಡಬಹುದು.

ಇವರು ಹಿಂದೆ ಬಸ್ ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಜನ ಬರೆದುಕೊಟ್ಟ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ಅಂಗಡಿ. ಮಾದಪ್ಪನ ಪದ, ಸಿನಿಮಾ ಹಾಡು, ಗಡಿ ಕಡೆಯವರಿಗೆ ತಮಿಳು ಹಾಡು, ಇಷ್ಟೇ ವ್ಯಾಪಾರ. ಆದರೆ ಒಡೆಯರಪಾಳ್ಯದ ನಿರಾಶ್ರಿತರ ಶಿಬಿರದಿಂದ ಟಿಬೆಟಿನವರು ಹನೂರಿನ ಮೇಲೆ ಬಸ್ಸಿನಲ್ಲಿ ಬರುತ್ತಿದ್ದರಲ್ಲ, ಅವರಲ್ಲಿ ಕೆಲವರು ಎಲ್ಲೆಲ್ಲಿಂದಲೋ ಇಂಗ್ಲಿಷ್ ರಾಕ್ ಕ್ಯಾಸೆಟ್ಟುಗಳನ್ನು ತರುತ್ತಿದ್ದರು. ಒಬ್ಬರ ಹತ್ತಿರ ಇದ್ದದ್ದು ಇನ್ನೊಬ್ಬರಿಗೆ ಬೇಕು, ನಕಲು ಮಾಡಿಕೊಡಿ ಎನ್ನುತ್ತಿದ್ದರು. ಇವರು ಎರಡು ನಕಲು ಮಾಡುತ್ತಿದ್ದರು, ಅವರಿಗೊಂದು, ತನಗೊಂದು. ಇಂಗ್ಲಿಷಿನಲ್ಲಿ ಸಹಿ ಹಾಕುವುದು ಬಿಟ್ಟರೆ ಇವರಿಗೆ ಬೇರೇನೂ ಬರುತ್ತಿರಲಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ನಾನು ಯಳಂದೂರಿನವಳು. ಶನಿವಾರ ಶನಿವಾರ ಭಜನೆ ನಡೆಯುವ ಮನೆಯಲ್ಲಿ ಬೆಳೆದವಳು. ಮದುವೆಯಾದ ಮೊದಲ ಭಾನುವಾರ ಇವರು ನನ್ನನ್ನು ಕೂರಿಸಿ ಒಂದು ಕ್ಯಾಸೆಟ್ ಹಾಕಿದರು. "ಆಲ್ಬಮ್ ಅಂದ್ರೆ ಪೂರ್ತಿ ಕೇಳ್ಬೇಕು, ಮಧ್ಯದಲ್ಲಿ ಎದ್ದೋಗ್ಬಾರ್ದು" ಎಂದು ಷರತ್ತು ಬೇರೆ. ಯಾರೋ ನಮ್ಮ ಮನೆಯ ತಗಡಿನ ಮಾಡು ಕಿತ್ತು ಬೀದಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದಾರೆ ಅನಿಸಿತು ನನಗೆ. ಇವರು ಕಣ್ಣು ಮುಚ್ಚಿಕೊಂಡು, ಎರಡು ಬೆರಳಲ್ಲಿ ತೊಡೆ ತಟ್ಟುತ್ತ ಕೂತಿದ್ದರು. ಅನ್ನಕ್ಕೆ ಇಟ್ಟಿದ್ದೇನೆ ಎಂದು ಸುಳ್ಳು ಹೇಳಿ ಎದ್ದು ಹೋದೆ. ಆಮೇಲೆ ಇಪ್ಪತ್ತೈದು ವರ್ಷ ಆ ಸಂಗೀತದ ವಿಷಯದಲ್ಲಿ ನಮಗೆ ಜಗಳ ತಪ್ಪಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಅವರು, ಕಿನ್ನರಿಯಾಗಿದ್ದರೆ ಕೋಣವೂ ಕೇಳುತ್ತಿತ್ತು ಎಂದು ನಾನು. ಕ್ಯಾಸೆಟ್ ಹೋಗಿ ಮೊಬೈಲಿಗೆ ಹಾಡು ತುಂಬುವ ಕಾಲ ಬಂತು. ಆಮೇಲೆ ಅದೂ ಹೋಗಿ ಅಂಗಡಿ ಮುಚ್ಚಿತು. ಅಂಗಡಿಯ ಒಂದು ಸ್ಪೀಕರ್ ಮಾತ್ರ ಮನೆಗೆ ಬಂತು.

ಲಕ್ವ ಹೊಡೆದ ಮೇಲೆ, ಪಾಪ, ಇಷ್ಟದ್ದು ಕೇಳಲಿ ಎಂದು ಆ ಹಳೆಯ ಹಾಡುಗಳನ್ನೇ ಫೋನಿನಲ್ಲಿ ಹಾಕಿದೆ. ಹಾಕಿದ ತಕ್ಷಣ ಎಡಗೈಯಿಂದ ಕಿವಿ ಮುಚ್ಚಿಕೊಂಡು ಗಳಗಳ ಅತ್ತರು. ಕೆಲವರಿಗೆ ಹೀಗಾದ ಮೇಲೆ ಜೋರು ಸದ್ದು ತಲೆಗೆ ಹೊಡೆಯುತ್ತದೆ, ಬೇಡ ಎಂದರು ಡಾಕ್ಟರು. ಜೀವಮಾನವಿಡೀ ಯಾವುದನ್ನು ನಿಲ್ಲಿಸಿ ಎಂದು ಬೇಡಿಕೊಂಡಿದ್ದೆನೋ ಅದು ನಿಂತಿತು. ನನಗೆ ಒಂಚೂರೂ ಸಂತೋಷವಾಗಲಿಲ್ಲ.

ದಾರಿ ತೋರಿಸಿದವಳು ಮಗಳು. ಅವಳನ್ನು ನನ್ನ ತವರಿನ ಊರಿಗೇ, ಯಳಂದೂರಿಗೇ ಕೊಟ್ಟಿದ್ದೇವೆ. ಒಂದು ದಿನ ಬಂದವಳು ಫೋನಿನಲ್ಲಿ ಏನೋ ಹುಡುಕಿ, "ಅಮ್ಮ, ಅಪ್ಪನ ಆಲ್ಬಮ್ಮುಗಳನ್ನೇ ಪಿಟೀಲಿನವರು ನುಡಿಸಿದ್ದಾರೆ ನೋಡು" ಎಂದಳು. ವಿದೇಶದಲ್ಲಿ ನೂರಾರು ಜನರ ದೊಡ್ಡ ಮೇಳಗಳಿವೆಯಂತೆ. ಪಿಟೀಲು, ಕೊಳಲು, ಕಹಳೆ ಹಿಡಿದು ಸಾಲಾಗಿ ಕೂತು, ಈ ರಾಕ್ ಆಲ್ಬಮ್ಮುಗಳನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುತ್ತಾರಂತೆ. ಹಾಡುವವರಿಲ್ಲ, ಕಿರುಚುವವರಿಲ್ಲ, ಡ್ರಮ್ಮೂ ಇಲ್ಲ. ದಿಂಬಿನ ಪಕ್ಕದಲ್ಲಿ ಸಣ್ಣಗೆ ಹಾಕಿದೆವು. ಇವರು ಕಿವಿ ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗೈಯ ಎರಡು ಬೆರಳು ಮಂಚದ ಪಟ್ಟಿಯ ಮೇಲೆ ಏಳತೊಡಗಿದವು. ಪಿಟೀಲಿನವರು ಬಿಟ್ಟ ಡ್ರಮ್ಮನ್ನು ಇವರು ಅದರ ಅದರ ಜಾಗದಲ್ಲಿ ತಾವೇ ಇಡುತ್ತಿದ್ದರು.

ಅಂದಿನಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ಆಲ್ಬಮ್. ನಾನು ಕುಚ್ಚು ಕಟ್ಟುತ್ತ ಕೇಳುತ್ತೇನೆ. ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ನನಗೂ ಹಿಡಿಸಿತು. ಆ ಕೂಗಾಟದೊಳಗೆ ಇಂಥ ರಾಗ ಇತ್ತೆಂದು ನನಗೆ ಹೇಗೆ ಗೊತ್ತಾಗಬೇಕು? ಅದೇ ಹಾಡು ತಲೆಗೆ ಎಣ್ಣೆ ನೀರು ಹಾಕಿಸಿಕೊಂಡು, ಬಿಳಿ ಪಂಚೆ ಉಟ್ಟು ಬಂದ ಹಾಗಿತ್ತು. ಇವರಿಗೆ ಮಾತು ಇದ್ದಾಗಲೇ ಇದು ಸಿಕ್ಕಿದ್ದರೆ ಇಪ್ಪತ್ತೈದು ವರ್ಷದ ಜಗಳ ತಪ್ಪುತ್ತಿತ್ತು ಎಂದು ಹೊಟ್ಟೆ ಉರಿಯಿತು.

ಹಾಗೆಂದು ಸಂಗೀತ ಬಂದು ಯಾರನ್ನೂ ಮಗ್ಗುಲು ತಿರುಗಿಸುವುದಿಲ್ಲ. ಈ ಬೇಸಿಗೆಯಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಇವರನ್ನು ಎತ್ತಲು ಹೋಗಿ ಇಬ್ಬರೂ ನೆಲಕ್ಕೆ ಬಿದ್ದೆವು. ಹನೂರಿನಲ್ಲಿರುವ ನಾದಿನಿ, ಇವರ ತಂಗಿ, ವಿಷಯ ತಿಳಿದು ಫೋನು ಮಾಡಿದಳು. "ಅತ್ಗೆ, ನೀವೂ ಮಲೀಕಂಡ್ರೆ ಏನ್ ಗತಿ? ಅಣ್ಣನ್ನ ನಮ್ಮನ್ಗೆ ಕಳ್ಸಿ. ನಮ್ಮನೇಲಿ ಎತ್ತಕ್ಕೆ ಇಬ್ರು ಗಂಡಸ್ರವ್ರೆ" ಎಂದಳು. ಒಳ್ಳೆಯ ಹೆಂಗಸು, ಬಾಯುಪಚಾರಕ್ಕೆ ಹೇಳಿದ್ದಲ್ಲ. ನಾನು ವಾರಗಟ್ಟಲೆ ಬೇಡ ಬೇಡ ಎಂದು, ಒಂದು ದಿನ ಸರಿ ಎಂದುಬಿಟ್ಟೆ. ಭಾನುವಾರ ವ್ಯಾನು ತರುವುದೆಂದಾಯಿತು. ಈ ಮಾತೆಲ್ಲ ನಡೆದದ್ದು ಮಂಚದ ಪಕ್ಕದಲ್ಲೇ, ಕೈಯಲ್ಲಿ ಗಂಟು ಹಾಕುತ್ತ, ಫೋನನ್ನು ಸ್ಪೀಕರಿಗಿಟ್ಟು. ಇವರಿಗೆ ನಾನು ಹೇಳಲಿಲ್ಲ. ಹಾಡು ಕೇಳುವ ಮನುಷ್ಯನಿಗೆ ಮಾತೂ ಕೇಳುತ್ತದೆ ಎಂಬ ಸಣ್ಣ ಸಂಗತಿ ನನ್ನ ಮಂಕುತಲೆಗೆ ಹೊಳೆಯಲೇ ಇಲ್ಲ. ಅಥವಾ ಹೊಳೆಯಿತೇನೋ, ನಾನೇ ಒಳಗೆ ಬಿಟ್ಟುಕೊಳ್ಳಲಿಲ್ಲ.

ಗುರುವಾರ ಮಧ್ಯಾಹ್ನ ಹಿತ್ತಲಲ್ಲಿ ಒಗೆಯುವುದು ಬಹಳ ಇತ್ತು. ಒಗೆಯುವ ಕಲ್ಲಿನ ಹತ್ತಿರಕ್ಕೂ ಕೇಳಲಿ ಎಂದು ಫೋನನ್ನು ಅಂಗಡಿಯ ಆ ಸ್ಪೀಕರಿಗೆ ಸೇರಿಸಿ, ಸ್ವಲ್ಪ ಹೆಚ್ಚಿಸಿ ಹೋದೆ. ಆಲ್ಬಮ್ಮಿನ ನಡುವಿನಲ್ಲಿ ಒಂದು ಬಹಳ ನಿಧಾನದ ಹಾಡು ಬರುತ್ತದೆ, ಬರೀ ಪಿಟೀಲುಗಳು ಎಳೆದೆಳೆದು ನುಡಿಸುವುದು. ಅದು ಶುರುವಾಗಿತ್ತು.

ನಮ್ಮ ಬೀದಿಯ ಪದ್ಧತಿ ಇಲ್ಲಿ ಹೇಳಬೇಕು. ಯಾರಾದರೂ ತೀರಿಕೊಂಡರೆ ಶಾಮಿಯಾನದವರು ಕುರ್ಚಿಗಳ ಜೊತೆ ಒಂದು ಸ್ಪೀಕರ್ ತಂದು ಬಾಗಿಲಲ್ಲಿ ಇಡುತ್ತಾರೆ. ಅದರಲ್ಲಿ ಮಾತಿಲ್ಲದ ಪಿಟೀಲು, ಶಹನಾಯಿ ಹಾಕುತ್ತಾರೆ. ನೆಂಟರು ಸೇರಿ ಭಜನೆಯವರು ಬರುವ ತನಕ ಅದೇ. ಹಿಂದೆ ದೊಡ್ಡವರು ಯಾರಾದರೂ ಸತ್ತರೆ ರೇಡಿಯೋದಲ್ಲೂ ಹಾಗೇ ಬರುತ್ತಿತ್ತು. ಸದ್ದು ಕೇಳಿದವರು ಹೇಳಿಕಳಿಸಲೆಂದು ಕಾಯುವುದಿಲ್ಲ, ಕೈಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಮೊದಲು ಬಂದ ಗಂಡಸು ಮನೆ ಮುಂದೆ ಬೆಂಕಿ ಹಾಕುತ್ತಾನೆ. ಎರಡು ವರ್ಷದಿಂದ ಹಾಸಿಗೆ ಹಿಡಿದ ಮನುಷ್ಯನ ಮನೆಯಿಂದ ಬೀದಿಗೆ ಕೇಳುವ ಹಾಗೆ ಪಿಟೀಲು ಹಾಕಿದವಳು ನಾನು. ಓಡಿಬಂದವರ ತಪ್ಪೇನೂ ಇಲ್ಲ.

ಎದುರು ಮನೆಯವಳು ಹಿತ್ತಲಿಗೇ ಓಡಿಬಂದು ನನ್ನನ್ನು ತಬ್ಬಿಕೊಂಡಳು. "ಅಕ್ಕಾ, ಬಾವ ಓಗ್ಬುಟ್ರಲ್ಲಕ್ಕಾ! ನನ್ನ ಒಂದ್ ಕೂಗ್ ಕೂಗ್ಬಾರ್ದಾಗಿತ್ತಾ!" ಎಂದು ಗೋಳೋ ಎಂದಳು. ಅವಳ ಹಿಂದೆ ಇನ್ನಿಬ್ಬರು ಹೆಂಗಸರು. ಸಂದಿಯಿಂದ ಹೊಗೆಯ ವಾಸನೆ ಬರುತ್ತಿತ್ತು. ನಾನು ಏನೆಂದುಕೊಂಡೆ? ಈ ಹೆಂಗಸರೆಲ್ಲ ಮುಂದಿನ ಬಾಗಿಲಿಂದ ಒಳಗೆ ಹೋಗಿ ನೋಡಿಕೊಂಡೇ ಬಂದಿದ್ದಾರೆ, ನಾನು ಬಟ್ಟೆ ಕುಕ್ಕುತ್ತಿದ್ದಾಗ ಇವರು ಹೋಗಿಬಿಟ್ಟಿದ್ದಾರೆ, ಎಂದುಕೊಂಡೆ.

ಆಗ ನನಗೆ ಏನಾಯಿತೋ ಅದನ್ನು ಮುಚ್ಚಿಡದೆ ಬರೆಯುತ್ತೇನೆ. ದುಃಖ ಮೊದಲು ಬರಲಿಲ್ಲ. ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡ ಹಾಗಾಯಿತು. ಇನ್ನು ಎತ್ತುವುದಿಲ್ಲ, ಒಗೆಯುವುದಿಲ್ಲ, ಇನ್ನು ನಿದ್ದೆ ಮಾಡಬಹುದು ಎಂದು ಮೈ ಮೊದಲು ಹೇಳಿತು. ದುಃಖ ಬಂದದ್ದು ಆಮೇಲೆ. ಒದ್ದೆ ಕೈಯಲ್ಲೇ ಒಳಗೆ ಓಡಿದೆ.

ಇವರು ದಿಂಬಿಗೆ ಒರಗಿಕೊಂಡು, ಕಣ್ಣು ಬಿಟ್ಟು, ಎರಡು ಬೆರಳಲ್ಲಿ ಮಂಚದ ಪಟ್ಟಿ ತಟ್ಟುತ್ತಿದ್ದರು. ನನ್ನನ್ನು ನೋಡಿದರು. ಬೆರಳು ನಿಂತಿತು. ನನ್ನ ಮುಖದಲ್ಲಿ ಏನು ಕಂಡರೋ, ಬಹಳ ಹೊತ್ತು ನೋಡಿದರು. ನಾನು ಹೋಗಿ ಸ್ಪೀಕರ್ ಆರಿಸಿದೆ.

ಹೊರಗೆ ಬಂದು, ಬದುಕಿದ್ದಾರೆ ಎಂದು ಹೇಳಿದರೆ ಎಲ್ಲರೂ ನನ್ನ ಮೇಲೇ ಬಿದ್ದರು. ಸೌದೆ ತಂದು ಬೆಂಕಿ ಹಾಕಿದ್ದ ಮೂಲೆ ಮನೆಯ ಅಜ್ಜನಿಗಂತೂ ರೇಗಿಹೋಗಿತ್ತು.

"ಬದ್ಕಿರೋ ಗಂಡ್ಸು ಮಲಗಿರೋ ಮನೇಲಿ ಸಾವಿನ್ ಪಿಟೀಲ್ ಆಕಂಡಿದ್ದೀಯಲ್ಲವ್ವ, ನಿಂಗೇನಾರ ಬುದ್ಧಿ ಅದಾ?"

"ಸಾವಿಂದಲ್ಲ ಕಣಜ್ಜ, ರಾಕು" ಎಂದೆ.

"ರಾಕೋ ಗೀಕೋ. ಈಗ ನಾವೆಲ್ಲ ಮನ್ಗೋಗಿ ತಲೆಗ್ ನೀರ್ ಉಯ್ಕಬೇಕು" ಎಂದು ಗೊಣಗಿದವನು, ನನ್ನ ಮುಖ ನೋಡಿ ಮೆತ್ತಗಾದ. "ಓಗ್ಲಿ ಬುಡು. ಸತ್ರು ಅಂತ ಸುದ್ದಿ ಉಟ್ರೆ ಆಯಸ್ಸು ಎಚ್ಚಾಯ್ತದೆ. ಇನ್ ಇಪ್ಪತ್ ವರ್ಷ ಎದ್ರಿಕಿಲ್ಲ ನಿನ್ ಗಂಡಂಗೆ."

ಸಮಾಧಾನಕ್ಕೆ ಹೇಳಿದ ಮಾತು. ಇನ್ನೂ ಇಪ್ಪತ್ತು ವರ್ಷ ಎಂದುಕೊಂಡು ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಎದುರು ಮನೆಯವಳು ಹೂವಿನವಳಿಗೆ ಹಾರ ಬೇಡವೆಂದು ಫೋನಿನಲ್ಲಿ ಹೇಳುತ್ತಿದ್ದಳು. ಪಿಟೀಲಿನ ಸಹವಾಸ ಸಾಕಪ್ಪಾ, ಇನ್ನು ಈ ಮನೆಯಲ್ಲಿ ಏನು ಸದ್ದು ಕೇಳಿದರೂ ನಾನು ಬರುವುದಿಲ್ಲ ಎಂದು ನನ್ನನ್ನು ಗದರಿಸಿ, ಮೂಗು ಒರೆಸಿಕೊಳ್ಳುತ್ತ ಸ್ನಾನಕ್ಕೆ ಹೋದಳು. ನಾನು ಒಂದು ಕೊಡ ನೀರು ತಂದು ಬೆಂಕಿಗೆ ಹುಯ್ದೆ.

ಸುದ್ದಿ ಅಷ್ಟರಲ್ಲಿ ಹನೂರು ಮುಟ್ಟಿತ್ತು. ಸಂಜೆ ಇವರಿಗೆ ಗಂಜಿ ಕುಡಿಸುತ್ತಿದ್ದಾಗ ನಾದಿನಿಯ ಫೋನು. ಕೈ ಬಿಡುವಿಲ್ಲದೆ ಎಂದಿನಂತೆ ಸ್ಪೀಕರಿಗಿಟ್ಟೆ. ಅವಳು ಇಲ್ಲಿಗೆ ಹೊರಟು ಹನೂರಿನ ಬಸ್ ಸ್ಟ್ಯಾಂಡಿನಲ್ಲೇ ನಿಂತು ಅಳುತ್ತಿದ್ದಳು. ಇಲ್ಲವ್ವ, ಗಂಜಿ ಕುಡಿಯುತ್ತಿದ್ದಾರೆ ಎಂದು ನಾಲ್ಕು ಸಲ ಹೇಳಬೇಕಾಯಿತು. ಅಳು ನಿಲ್ಲಿಸಿ, ಉಸಿರು ಎಳೆದುಕೊಂಡು, "ಅಂಗಾರೆ ಅತ್ಗೆ, ಭಾನ್ವಾರ ವ್ಯಾನ್ ತರದಾ, ಬ್ಯಾಡ್ವಾ?" ಎಂದಳು.

ಚಮಚ ಅವರ ಬಾಯಿಯ ಹತ್ತಿರವಿತ್ತು. ಅವರು ಬಾಯಿ ತೆರೆಯಲಿಲ್ಲ, ನನ್ನನ್ನೇ ನೋಡಿದರು. ಹೊಸದಾಗಿ ಕೇಳಿ ಗಾಬರಿಯಾದವರ ನೋಟ ಅದಲ್ಲ. ಮೊದಲಿನಿಂದಲೂ ಗೊತ್ತಿದ್ದವರ ನೋಟ. ಆಮೇಲೆ ಮಾಡುತ್ತೇನೆ ಎಂದು ಫೋನು ಇಟ್ಟೆ.

ಗಂಜಿಯ ಬಟ್ಟಲನ್ನು ಕೆಳಗಿಟ್ಟು ಅವರ ಬಾಯಿ ಒರೆಸಿದೆ. "ರೀ, ನಿಮ್ಮನ್ನ ಕೇಳ್ದಲೆ ಮಾತು ಕೊಟ್ಬುಟ್ಟೆ. ತಪ್ಪಾಯ್ತು. ನನ್ ಕೈಲಿ ಆಯ್ತಾ ಇಲ್ಲ ಕಣ್ರೀ. ಮದ್ಯಾನ ನೀವು ಓಗ್ಬುಟ್ರಿ ಅಂದಾಗ ನಂಗೆ..." ಎಂದು ಶುರುಮಾಡಿ ಮುಂದಕ್ಕೆ ಹೇಳಲಾಗಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅದನ್ನು ನನ್ನ ಮುಖದಲ್ಲಿ ಅವರು ಆಗಲೇ ನೋಡಿದ್ದರು. "ಹನೂರಿಗೆ ಓಯ್ತೀರಾ? ಇಲ್ಲ ಅಂದ್ರೆ ಇಲ್ಲ ಅನ್ನಿ. ಇಲ್ಲೇ ಇರಿ, ಹೆಂಗೋ ಆಯ್ತದೆ."

ಇಲ್ಲ ಎನ್ನುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಇಲ್ಲ ಎಂದಿದ್ದರೆ ನಾನು ಸಿಡುಕಿಕೊಂಡಾದರೂ ಎದ್ದು, ಸೆರಗು ಸಿಕ್ಕಿಸಿ, ಇನ್ನಷ್ಟು ವರ್ಷ ಎತ್ತುತ್ತಿದ್ದೆ. ಅವರು ತಲೆಯಾಡಿಸಿದರು, ಹೂಂ ಎಂದು. ನನಗೆ ತಿಳಿಯಲಿಲ್ಲವೇನೋ ಎಂದು ಇನ್ನೊಂದು ಸಲ ಆಡಿಸಿದರು. ಆಮೇಲೆ ಎಡಗೈ ಎತ್ತಿ ನನ್ನ ಕಡೆಗೆ ತೋರಿಸಿ, ಅಂಗೈಯನ್ನು ತನ್ನ ಕೆನ್ನೆಗಿಟ್ಟುಕೊಂಡು ಕಣ್ಣು ಮುಚ್ಚಿದರು. ನೀನು ಮಲಗು ಎಂದು.

ನಾನು ಮಂಚದ ಪಟ್ಟಿಗೆ ಹಣೆಯಿಟ್ಟು ಅತ್ತೆ. ಮೆತ್ತಗೆ ಅಲ್ಲ, ಮಧ್ಯಾಹ್ನ ಎದುರು ಮನೆಯವಳು ಅತ್ತದ್ದಕ್ಕಿಂತ ಜೋರಾಗಿ. ಬಾಗಿಲು ತೆರೆದೇ ಇತ್ತು, ಅವಳ ಕಿಟಕಿಯೂ ತೆರೆದಿತ್ತು, ದೀಪ ಉರಿಯುತ್ತಿತ್ತು. ಯಾರೂ ಬರಲಿಲ್ಲ.