ಏಕಾದಶಿಯಂದು ನೀರು ತಂದವನು

ನನ್ನ ಅಣ್ಣ ತಾರಿಣೀಚರಣ ಏನೂ ಸಾಧಿಸಲಿಲ್ಲ ಎಂದು ಕಲ್ಕತ್ತೆಯ ನಮ್ಮ ಓಣಿಯವರು ಇಂದಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ನಾಲಗೆಗೆ ಬೇರೆ ಕೆಲಸವಿಲ್ಲ. ಅವನಿಗೆ ಯಾವುದರಲ್ಲೂ ನೆಮ್ಮದಿಯಿರಲಿಲ್ಲ, ಅದು ನಿಜ. ಮೂರು ನೌಕರಿ ಬಿಟ್ಟ. ಹೆಣ್ಣುಮಕ್ಕಳಿಗೆಂದು ಶಾಲೆ ತೆರೆದ, ಬಂದವರು ನಾಲ್ಕೇ ಜನ. ಅದರಲ್ಲಿ ಒಬ್ಬಳು ನಾನು, ಖಾಂತಮಣಿ.

ಅವನ ತಲೆಗೆ ಹುಳ ಬಿಟ್ಟವನು ಕಾಲೇಜಿನ ಒಬ್ಬ ಮೇಷ್ಟ್ರು. ಮೇಷ್ಟ್ರೆಂದರೇನು, ಮೀಸೆ ಆಗಷ್ಟೇ ಚಿಗುರಿದ್ದ ಹುಡುಗ! "ನಾನು ಹೇಳಿದೆ ಅಂತ ನಂಬಬೇಡಿ, ಪ್ರಶ್ನೆ ಕೇಳಿ" ಎನ್ನುತ್ತಿದ್ದನಂತೆ. ಸರಿ, ಅಣ್ಣ ಶುರುಮಾಡಿದ. ಊಟಕ್ಕೆ ಕೂತರೂ ಪ್ರಶ್ನೆ, ಎದ್ದರೆ ಮಾಳಿಗೆಯ ಮೇಲೆ ಶತಪಥ.

"ಮೀನಿನ ಮುಳ್ಳು ಗಂಟಲಿಗೆ ಸಿಕ್ಕೀತು, ಬಾಯ್ಮುಚ್ಕೊಂಡು ತಿನ್ನೋ" ಎಂದು ಅಮ್ಮ ಗದರುತ್ತಿದ್ದಳು.

ನಾನು ಒಂಬತ್ತಕ್ಕೇ ವಿಧವೆಯಾದವಳು. ಹನ್ನೊಂದು ತುಂಬಿದ ವರ್ಷ ವೈಶಾಖದಲ್ಲಿ ನನಗೆ ವಿಪರೀತ ಜ್ವರ ಬಂತು, ಮರುದಿನವೇ ಏಕಾದಶಿ. ಅಂದು ವಿಧವೆಯರಿಗೆ ಹನಿ ನೀರೂ ಕೂಡದು. ಅಮ್ಮ ನೀರಿನ ಕೋಣೆಗೆ ಬೀಗ ಜಡಿದು, ನನ್ನನ್ನು ಅಜ್ಜಿಯ ಪಕ್ಕ ಚಾಪೆಯ ಮೇಲೆ ಮಲಗಿಸಿದಳು. ಅಜ್ಜಿಯೆಂದರೆ ಅಪ್ಪನ ಸೋದರತ್ತೆ, ಅವಳೂ ವಿಧವೆ. ಐವತ್ತು ವರ್ಷಗಳಿಂದ ಒಂದು ಏಕಾದಶಿಯೂ ತಪ್ಪಿಸಿದವಳಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ನಾಲಗೆ ಅಂಗುಳಿಗೆ ಅಂಟಿಕೊಂಡಿತು. ವೈದ್ಯ ನಾಡಿ ಹಿಡಿದು ನೋಡಿ, "ಸಂಜೆ ದಾಟೋದು ಕಷ್ಟ" ಎಂದು ಮೆಲ್ಲಗೆ ಜಾರಿಕೊಂಡ.

ಅಣ್ಣ ಬೀಗ ಒಡೆದು ಚೆಂಬು ತಂದ. ನಾನು ಹಲ್ಲು ಕಚ್ಚಿದೆ. ನಾನು ಕುಡಿದರೆ ಸತ್ತ ಗಂಡ ಅಲ್ಲಿ ಬಾಯಾರಿ ಒದ್ದಾಡುತ್ತಾನೆಂದು ನಂಬಿದ್ದೆ. ಆ ಗಂಡನ ಮುಖವೂ ನೆನಪಿರಲಿಲ್ಲ, ನೋಡಿ!

"ಪಾಪಿ, ಅವಳ ಪರಲೋಕಾನೂ ಹಾಳ್ಮಾಡ್ತೀಯೇನೋ!" ಎಂದು ಅಮ್ಮ ಬಾಗಿಲಲ್ಲಿ ಎದೆ ಬಡಿದುಕೊಂಡಳು.

ಅಣ್ಣ ನನ್ನ ದವಡೆ ಹಿಡಿದು ಸುರಿದ. ನೀರೆಲ್ಲ ಕುತ್ತಿಗೆಗೆ ಇಳಿಯಿತು. "ಬಾಯಿ ತೆಗಿಯೇ, ನಾನು ಹೇಳ್ತಿದ್ದೀನಿ!" ಎಂದು ಕಿರುಚಿದ. ಕಿರುಚಿದವನು ತಟ್ಟನೆ ಕೈ ತೆಗೆದ. ಅವನ ಮುಖ ಸಪ್ಪಗಾಯಿತು.

"ಥೂ, ನಾನೂ ಇವರ ಹಾಗೇ ಆಡ್ತಿದ್ದೀನಲ್ಲ. ಖಾಂತಿ, ಅಮ್ಮ ಹೇಳಿದ್ದು ಬಿಡು. ನಾನು ಹೇಳಿದ್ದೂ ಬಿಡು. ನಿಂಗೆ ನೀರು ಬೇಕಾ?"

ನಿನಗೇನು ಬೇಕೆಂದು ಹುಟ್ಟಿದಂದಿನಿಂದ ನನ್ನನ್ನು ಯಾರೂ ಕೇಳಿರಲಿಲ್ಲ, ಮದುವೆಯ ದಿನ ಕೂಡ. ಅಳು ಒತ್ತರಿಸಿ ಬಂತು.

"ಬೇಕು" ಎಂದೆ. ಚೆಂಬು ಖಾಲಿ ಮಾಡಿದೆ.

ಅಣ್ಣ ಮತ್ತೆ ತುಂಬಿಕೊಂಡು ಬಂದು ಅಜ್ಜಿಯ ಕಡೆ ತಿರುಗಿದ. "ಅಜ್ಜಿ, ನಿಂಗೆ?"

ಅಜ್ಜಿ ಆ ನೀರನ್ನು ಬಹಳ ಹೊತ್ತು ನೋಡಿದಳು. ಈಗ ಮನೆ ಹಾರಿಹೋಗುವ ಹಾಗೆ ಬೈಯುತ್ತಾಳೆ ಎಂದುಕೊಂಡೆ.

"ಈಗ ಕೇಳ್ತೀಯೇನೋ?" ಎಂದಳು, ಸಣ್ಣ ದನಿಯಲ್ಲಿ. "ಮೊದಲ್ನೇ ಏಕಾದಶಿಗೆ ನಂಗೂ ಹನ್ನೊಂದೇ ವರ್ಷ ಕಣೋ. ಒಬ್ರಾದ್ರೂ ಕೇಳಿದ್ರಾ?"

ಚೆಂಬು ಮುಟ್ಟದೆ ಗೋಡೆಯ ಕಡೆ ಮಗ್ಗುಲಾದಳು.